ಮೊದಲು ಮೂಗು, ಆಮೇಲೆ ಕೈ: ಅರೋಮಾಥೆರಪಿ ಮಸಾಜಿನಲ್ಲಿ ನನ್ನ ಅನುಭವ

ಮೈಸೂರಿನ ಸರಸ್ವತೀಪುರಂನಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಅರೋಮಾಥೆರಪಿ ಮಸಾಜ್, ಅಂದರೆ ಗಿಡಗಳ ಸುಗಂಧದೆಣ್ಣೆ ಬೆರೆಸಿ ಮಾಡುವ ಮಸಾಜ್ ಮಾಡುತ್ತೇನೆ. ಹೆಂಗಸರಿಗೆ ಮಾತ್ರ. ಬರುವವರಲ್ಲಿ ಜಾಸ್ತಿ ಜನ ಟೀಚರುಗಳು, ಬ್ಯಾಂಕಿನವರು, ಹೆಬ್ಬಾಳದ ಕಡೆ ಐಟಿ ಕೆಲಸದಲ್ಲಿ ಕೂತು ಕೂತು ಕುತ್ತಿಗೆ ಹಿಡಿದವರು. ಇನ್ನೊಂದಷ್ಟು ಜನ ಹಾಸಿಗೆ ಹಿಡಿದ ಅತ್ತೆಯನ್ನೋ ಅಮ್ಮನನ್ನೋ ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವವರು. ಎಲ್ಲರೂ ಹೇಳುವುದು ಹೆಚ್ಚುಕಮ್ಮಿ ಒಂದೇ. ನಿದ್ದೆ ಬರಲ್ಲ, ಹೆಗಲು ಕಲ್ಲಾಗಿದೆ, ಯಾರಾದ್ರೂ ಮಾತಾಡಿಸಿದ್ರೂ ರೇಗುತ್ತೆ.

ಈ ಕೆಲಸದ ಬಗ್ಗೆ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಟೆನ್ಷನ್ನಿಗೆ ಯಾವ ಎಣ್ಣೆ ಒಳ್ಳೇದು?" ಅಂತ. ಕೋರ್ಸಿನಲ್ಲಿ ನನಗೆ ಕಲಿಸಿದ ಉತ್ತರ ಲ್ಯಾವೆಂಡರ್. ಈಗ ನಾನು ಆ ಪ್ರಶ್ನೆಗೆ ಯಾವ ಹೆಸರನ್ನೂ ಹೇಳುವುದಿಲ್ಲ. ಎಣ್ಣೆ ಆರಿಸುವ ಕೆಲಸ ಬಂದವರ ಮೂಗಿನದು. ಅದು ಒಪ್ಪಿದ ಮೇಲೆಯೇ ನನ್ನ ಕೈಗೆ ಕೆಲಸ. ಈ ಕ್ರಮವನ್ನು ನಾನು ಯಾರಿಗೂ ಬದಲಾಯಿಸುವುದಿಲ್ಲ.

ಇದಕ್ಕೆ ಕಾರಣ ಇದೆ. ಕಣ್ಣು ನೋಡಿದ್ದು, ಕಿವಿ ಕೇಳಿದ್ದು ಮಿದುಳಿನಲ್ಲಿ ಮೊದಲು ಥಲಾಮಸ್ ಎಂಬ ಜಾಗವನ್ನು ಹಾದು ಆಮೇಲೆ ಬೇರೆ ಕಡೆ ಹೋಗುತ್ತದೆ. ವಾಸನೆಗೆ ಆ ಸುತ್ತು ಇಲ್ಲ. ಮೂಗಿನ ಮೇಲ್ಭಾಗದ ನರಗಳಿಂದ ಹೊರಟದ್ದು ಭಯ, ಸಿಟ್ಟು, ನೆನಪು ಇವುಗಳ ಜಾಗವನ್ನು ಬೇಗ ಮುಟ್ಟಿಬಿಡುತ್ತದೆ. ಏನು ವಾಸನೆ ಅಂತ ಹೆಸರು ಹೊಳೆಯುವ ಮೊದಲೇ ಯಾವುದೋ ಮನೆ, ಯಾವುದೋ ಮಧ್ಯಾಹ್ನ ನೆನಪಾಗುವುದು ಅದಕ್ಕೇ. ಹಾಗಿದ್ದ ಮೇಲೆ ಯಾವ ವಾಸನೆಗೆ ಯಾರ ಮೈ ಸಡಿಲವಾಗುತ್ತದೆ ಎನ್ನುವುದು ಅವರು ಬೆಳೆದ ಮನೆಯ ಮೇಲೂ ನಿಂತಿರುತ್ತದೆ, ಅಲ್ವಾ?

ಲ್ಯಾವೆಂಡರ್ ಒಳ್ಳೆಯ ಎಣ್ಣೆ. ಅದರಲ್ಲಿರುವ ಲಿನಲೂಲ್, ಲಿನಲೈಲ್ ಅಸಿಟೇಟ್ ಎಂಬ ಅಂಶಗಳ ಬಗ್ಗೆ ಬೇಕಾದಷ್ಟು ಸಂಶೋಧನೆ ಆಗಿದೆ. ಈಗ ನಮ್ಮ ದೇಶದಲ್ಲೇ, ಜಮ್ಮುವಿನ ಭದೇರ್ವಾ ಕಡೆ ರೈತರು ಅದನ್ನು ಬೆಳೆಯುತ್ತಾರೆ. ಆದರೆ ಮದ್ದೂರಿನಲ್ಲೋ ನಾಗಮಂಗಲದಲ್ಲೋ ಬೆಳೆದ ಐವತ್ತು ದಾಟಿದ ಹೆಂಗಸಿಗೆ ಅದನ್ನು ಮೂಸಲು ಕೊಟ್ಟು ನೋಡಿ. "ಬಾತ್‌ರೂಮಲ್ಲಿ ನೇತಾಕ್ತಾರಲ್ಲ, ಅದೇ ವಾಸನೆ" ಅಂತಾರೆ. ಅವರು ಹೇಳುವುದು ಸರಿಯಾಗಿಯೇ ಇದೆ. ಅವರ ಬದುಕಿಗೆ ಲ್ಯಾವೆಂಡರ್ ಬಂದದ್ದೇ ನೆಲ ಒರೆಸುವ ಲಿಕ್ವಿಡ್ ಮೂಲಕ. ಆ ವಾಸನೆಯಲ್ಲಿ ಒಂದು ಗಂಟೆ ಮಲಗಿಸಿದರೆ ಮನಸ್ಸು ಹಗುರಾಗುವುದು ಹೇಗೆ? ಅದೇ ಹೆಂಗಸಿಗೆ ಲಾವಂಚ ಕೊಡಿ, ಮರುಗ ಕೊಡಿ, ಗಂಧ ಕೊಡಿ. ಮುಖವೇ ಬೇರೆ ಆಗುತ್ತದೆ. ಇಪ್ಪತ್ತೈದರ ಹುಡುಗಿಯರಲ್ಲಿ ಹಲವರಿಗೆ ಲ್ಯಾವೆಂಡರೇ ಇಷ್ಟ. ಅವರಿಗೆ ಅದನ್ನೇ ಹಾಕುತ್ತೇನೆ.

ಅರೋಮಾಥೆರಪಿ ಎಂಬ ಹೆಸರನ್ನು 1930ರ ದಶಕದಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ರಸಾಯನ ವಿಜ್ಞಾನಿ ರೆನೆ ಮೋರಿಸ್ ಗಟ್‌ಫೋಸೆ. ಆಮೇಲೆ ಸುಗಂಧದೆಣ್ಣೆಯನ್ನು ಬೇರೆ ಎಣ್ಣೆಯಲ್ಲಿ ಬೆರೆಸಿ ತೆಳು ಮಾಡಿ ಮಸಾಜಿಗೆ ತಂದವರಲ್ಲಿ ದೊಡ್ಡ ಹೆಸರು ಮಾರ್ಗರೀಟ್ ಮೋರಿ ಅವರದು. ಒಬ್ಬೊಬ್ಬರಿಗೂ ಅವರವರದೇ ಮಿಶ್ರಣ ಮಾಡಬೇಕು ಎನ್ನುವುದು ಮೋರಿ ಅವರ ಪಟ್ಟು. ಎಲ್ಲರಿಗೂ 'ಸ್ಟ್ರೆಸ್ ರಿಲೀಫ್' ಅಂತ ಚೀಟಿ ಅಂಟಿಸಿದ ಒಂದೇ ಬಾಟಲಿ ತೆಗೆಯುವ ಕಡೆಗಳಲ್ಲಿ ಈ ಮುಖ್ಯ ವಿಷಯವೇ ಮರೆತುಹೋಗಿದೆ ಅಂತ ನನಗೆ ಅನ್ನಿಸುತ್ತದೆ.

ನಾನು ಮೂಸಿಸುವ ರೀತಿ ಹೀಗೆ. ದಪ್ಪ ಬಿಳಿ ಕಾಗದವನ್ನು ಬೆರಳಗಲ ಪಟ್ಟಿಯಾಗಿ ಕತ್ತರಿಸಿಟ್ಟಿರುತ್ತೇನೆ. ಒಂದೊಂದರ ತುದಿಗೆ ಒಂದೊಂದು ಎಣ್ಣೆ ಒಂದೇ ಹನಿ. ನಾಲ್ಕೈದು ಸಾಕು, ಅದಕ್ಕಿಂತ ಜಾಸ್ತಿ ಆದರೆ ಮೂಗಿಗೆ ಗೊಂದಲ. ಹೆಸರು ಹೇಳುವುದಿಲ್ಲ. 'ಗಂಧ' ಅಂದ ಕೂಡಲೇ ಎಲ್ಲರೂ ಚೆನ್ನಾಗಿದೆ ಅಂದುಬಿಡುತ್ತಾರೆ. ಪಟ್ಟಿಯನ್ನು ಮೂಗಿಗೆ ತಾಗಿಸದೆ ಒಂದು ಗೇಣು ದೂರದಲ್ಲಿ ಹಿಡಿಯಲು ಹೇಳುತ್ತೇನೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ತಮ್ಮ ಮೊಣಕೈ ಒಳಭಾಗವನ್ನೇ ಮೂಸಿಕೊಂಡರೆ ಮೂಗು ಮತ್ತೆ ತಯಾರಾಗುತ್ತದೆ.

ಆಗ ನಾನು ನೋಡುವುದು ಅವರ ಹೆಗಲನ್ನು. ಬಾಯಿ ಮರ್ಯಾದೆಗೆ 'ಚೆನ್ನಾಗಿದೆ' ಅನ್ನಬಹುದು, ಮೈ ಹಾಗೆ ಮರ್ಯಾದೆ ನೋಡುವುದಿಲ್ಲ. ಒಪ್ಪಿದ ವಾಸನೆಗೆ ಉಸಿರು ತಾನಾಗೇ ಉದ್ದವಾಗುತ್ತದೆ, ಹೆಗಲು ಒಂದಿಷ್ಟು ಕೆಳಗಿಳಿಯುತ್ತದೆ. ಒಪ್ಪದಿದ್ದರೆ ಗಲ್ಲ ಸ್ವಲ್ಪ ಹಿಂದೆ ಸರಿಯುತ್ತದೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊತ್ತಿನಲ್ಲಿ ಹೈಸ್ಕೂಲಿನ ಗಣಿತದ ಟೀಚರ್ ಒಬ್ಬರು ಬಂದಿದ್ದರು. ಊರು ಪಾಂಡವಪುರದ ಕಡೆ. ಕೂತಲ್ಲೂ ಬಲಗೈ ಮುಷ್ಟಿ ಬಿಗಿ ಹಿಡಿದೇ ಇದ್ದರು. ಮೊದಲ ಪಟ್ಟಿ ಲ್ಯಾವೆಂಡರ್, ಸುಮ್ನೆ ಪಕ್ಕಕ್ಕಿಟ್ಟರು. ಎರಡನೆಯದು ಕಿತ್ತಳೆ ಸಿಪ್ಪೆಯದು, ಪರವಾಗಿಲ್ಲ ಅಂದರು. ಮೂರನೆಯದು ಲಾವಂಚ. ಅದನ್ನು ಮೂಸಿ ಕಣ್ಣು ಮುಚ್ಚಿದರು. ಪಟ್ಟಿ ಇಳಿಸಲೇ ಇಲ್ಲ.

"ಅಕ್ಕ, ಇದು ನಮ್ಮಜ್ಜಿ ನೀರಿನ ಮಡಕೆ" ಅಂದರು.

"ಮಡಕೆಗೆ ಬೇರು ಹಾಕೋರಾ ಮೇಡಂ?"

"ಬೇಸಿಗೇಲಿ ಹಾಕೋರು. ಸ್ಕೂಲಿಂದ ಓಡಿ ಬಂದು ಅದರಲ್ಲೇ ಚೊಂಬು ಅದ್ದಿ ಕುಡೀತಿದ್ವಿ. ಬೈಸ್ಕೊಳೋದು ಅದಕ್ಕೇ."

ಇಷ್ಟು ಹೇಳುವಷ್ಟರಲ್ಲಿ ಮುಷ್ಟಿ ಬಿಟ್ಟಿತ್ತು. ಅವರಿಗೆ ಮಾಡಿದ ಮಿಶ್ರಣ ನನಗೆ ಚೆನ್ನಾಗಿ ನೆನಪಿದೆ. 30 ಮಿಲಿ ಬಾದಾಮಿ ಎಣ್ಣೆಗೆ ಲಾವಂಚ 2 ಹನಿ, ಮರುಗ 4 ಹನಿ, ಸಿಹಿ ಕಿತ್ತಳೆ 6 ಹನಿ. ಲಾವಂಚದ ಎಣ್ಣೆ ಗಟ್ಟಿ. ಬಾಟಲಿ ಬಗ್ಗಿಸಿ ಕಾಯಬೇಕು. ಹನಿ ಬಾಯಿಗೆ ಬಂದು ನಿಲ್ಲುತ್ತದೆ, ನಿಧಾನಕ್ಕೆ ದಪ್ಪವಾಗುತ್ತದೆ, ಕಂದು ಬಣ್ಣಕ್ಕೆ ಬೆಳಕು ಬಿದ್ದು ಜೇನಿನ ಹಾಗೆ ಹೊಳೆಯುತ್ತದೆ, ಆಮೇಲೆ ಬೀಳುತ್ತದೆ. ಅವಸರ ಮಾಡಿ ಬಾಟಲಿ ಕುಲುಕಿದರೆ ಒಟ್ಟಿಗೆ ನಾಲ್ಕು ಹನಿ ಬಿದ್ದು ಇಡೀ ಮಿಶ್ರಣ ಬರೀ ಬೇರಿನ ವಾಸನೆ ಆಗುತ್ತದೆ. ಕಿತ್ತಳೆಯದು ನೀರಿನಷ್ಟು ತೆಳು, ಟಪಟಪ ಉದುರುತ್ತದೆ. ಅದಕ್ಕೆ ಗಟ್ಟಿಯದನ್ನು ಮೊದಲು ಹಾಕಿ, ತೆಳುವಾದದ್ದನ್ನು ಕೊನೆಗೆ ಹಾಕುತ್ತೇನೆ.

ಹನಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಪಾಯ ಇರುವುದು ಇಲ್ಲೇ. 1 ಮಿಲಿಗೆ ಸುಮಾರು 20 ಹನಿ. 30 ಮಿಲಿಗೆ 12 ಹನಿ ಹಾಕಿದರೆ ಶೇ 2 ಆಯಿತು. ಆರೋಗ್ಯವಾಗಿರುವ ದೊಡ್ಡವರ ಮೈಗೆ ಇದು ಸಾಕು. ವಯಸ್ಸಾದವರಿಗೆ, ಮುಖಕ್ಕೆ, ಬೇಗ ತುರಿಕೆ ಬರುವ ಚರ್ಮಕ್ಕೆ ಶೇ 1, ಅಂದರೆ 6 ಹನಿ. 'ಜಾಸ್ತಿ ಹಾಕಿ, ದುಡ್ಡು ಕೊಡ್ತೀನಲ್ಲ' ಅನ್ನುವವರಿದ್ದಾರೆ. ಹಾಕುವುದಿಲ್ಲ. ಸುಗಂಧದೆಣ್ಣೆ ಅಂದರೆ ಮೂಟೆಗಟ್ಟಲೆ ಗಿಡದ ಸಾರ ಒಂದು ಸಣ್ಣ ಬಾಟಲಿಗೆ ಇಳಿದಿರುವುದು. ಹಾಗೇ ಮೈಗೆ ಸುರಿದರೆ ಚರ್ಮ ಉರಿಯುತ್ತದೆ. ಅಷ್ಟೇ ಅಲ್ಲ, ಒಮ್ಮೆ ಚರ್ಮ ಒಂದು ಎಣ್ಣೆಗೆ ಅಲರ್ಜಿ ಬೆಳೆಸಿಕೊಂಡರೆ ಅದು ಜೀವನಪೂರ್ತಿ ಉಳಿಯಬಹುದು. ಆಮೇಲೆ ಅದೇ ಅಂಶ ಇರುವ ಸೋಪು, ಕ್ರೀಮು ಕೂಡ ಆಗಿಬರುವುದಿಲ್ಲ.

ಕೆಲವು ಎಣ್ಣೆಗಳಿಗೆ ಇನ್ನೂ ಬಿಗಿ ಲೆಕ್ಕ ಇದೆ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಚರ್ಮಕ್ಕೆ ಆಗಿಬರದಿರಬಹುದಾದ ಸಿಟ್ರಾಲ್ ಎಂಬ ಅಂಶ ಜಾಸ್ತಿ, ಅದನ್ನು 30 ಮಿಲಿಗೆ 2 ಹನಿ ದಾಟಿಸುವುದಿಲ್ಲ. ಚಕ್ಕೆ, ಲವಂಗದ ಎಣ್ಣೆಗಳು ನನ್ನ ಮಸಾಜ್ ಕೋಣೆಗೆ ಬರುವುದೇ ಇಲ್ಲ. ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು) ಮತ್ತು ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿದ ಜಾಗಕ್ಕೆ 12 ಗಂಟೆ ಬಿಸಿಲು ಬೀಳಬಾರದು, ಬಿದ್ದರೆ ಸುಟ್ಟ ಹಾಗೆ ಕಪ್ಪು ಕಲೆ ಆಗಬಹುದು. ಮೈಸೂರಿನ ಮಧ್ಯಾಹ್ನದಲ್ಲಿ ಸ್ಕೂಟರ್ ಹತ್ತಿ ಹೋಗುವವರಿಗೆ ಅದರ ಸಹವಾಸವೇ ಬೇಡ ಅಂತ ನಾನು ಸಿಹಿ ಕಿತ್ತಳೆಯನ್ನು ಬಳಸುತ್ತೇನೆ, ಅದಕ್ಕೆ ಈ ತೊಂದರೆ ಇಲ್ಲ. ಹೊಸಬರಿಗೆ ಹಿಂದಿನ ದಿನವೇ ಕರೆದು ಮೊಣಕೈ ಒಳಭಾಗಕ್ಕೆ ಒಂದು ಬೊಟ್ಟು ಮಿಶ್ರಣ ಹಚ್ಚಿ ಕಳಿಸುತ್ತೇನೆ. 24 ಗಂಟೆಯಲ್ಲಿ ಕೆಂಪಾಗದಿದ್ದರೆ ಮುಂದಿನ ಮಾತು.

ಇನ್ನು ಎಣ್ಣೆ ತರುವ ವಿಷಯ. ದೇವರಾಜ ಮಾರುಕಟ್ಟೆಯ ಒಳಗೆ ಕುಂಕುಮದ ರಾಶಿಗಳ ಪಕ್ಕದಲ್ಲೇ ಸಣ್ಣ ಸಣ್ಣ ಗಾಜಿನ ಬಾಟಲಿಗಳ ಸಾಲು ಇರುತ್ತದೆ. ಕಮಲದ ಎಣ್ಣೆ, ಮಲ್ಲಿಗೆ ಎಣ್ಣೆ, ಸಂಪಿಗೆ ಎಣ್ಣೆ, ಎಲ್ಲ ಸಿಗುತ್ತದೆ. ಮಣಿಕಟ್ಟಿಗೆ ಒಂದು ಬೊಟ್ಟು ಹಚ್ಚಿಕೊಳ್ಳಲು ಪರಿಮಳ ಚೆನ್ನಾಗಿರುತ್ತದೆ. ಮಸಾಜಿಗೆ ನಾನು ಅವನ್ನು ಕೊಳ್ಳುವುದಿಲ್ಲ. ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಅದರ ಪರಿಮಳ ಹಬೆಯ ಬಿಸಿಗೆ ತಡೆಯುವುದಿಲ್ಲ. ದ್ರಾವಕದಲ್ಲಿ ಹೂ ನೆನೆಸಿ, ಆ ದ್ರಾವಕ ಆರಿಸಿ ಸಾರ ತೆಗೆಯಬೇಕು. ಅದಕ್ಕೆ ರಾಶಿ ರಾಶಿ ಮೊಗ್ಗು ಬೇಕು. ಹಾಗೆ ಬಂದದ್ದನ್ನು ನೂರು ಇನ್ನೂರು ರೂಪಾಯಿಗೆ ಒಂದು ಬಾಟಲಿ ಕೊಡಲು ಯಾರಿಗೂ ಸಾಧ್ಯವಿಲ್ಲ. ಗುಲಾಬಿ ಎಣ್ಣೆಯ ಕಥೆಯೂ ಅದೇ, ಒಂದು ಕಿಲೋ ಎಣ್ಣೆಗೆ ಟನ್ನುಗಟ್ಟಲೆ ಪಕಳೆ ಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂದರೆ ಅದು ಕೃತಕ ಸುವಾಸನೆ ಅಂತಲೇ ತಿಳಿಯಬೇಕು.

ನಾನು ಕೊಳ್ಳುವ ಬಾಟಲಿ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಹೇಗೆ ತೆಗೆದದ್ದು, ಯಾವ ಊರಿನದು, ಬ್ಯಾಚ್ ನಂಬರು ಇರಲೇಬೇಕು. ಕೇಳಿದರೆ ಆ ಬ್ಯಾಚಿನ ಲ್ಯಾಬ್ ವರದಿ ಕೊಡಬೇಕು. ಮನೆಯಲ್ಲಿ ಮಾಡುವ ಕಾಗದದ ಪರೀಕ್ಷೆಯೂ ಒಂದಿದೆ. ಲ್ಯಾವೆಂಡರ್, ನೀಲಗಿರಿ, ಕಿತ್ತಳೆಯಂಥ ತೆಳು ಎಣ್ಣೆಯ ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟು ಮಾರನೇ ದಿನ ನೋಡಿದರೆ ಜಿಡ್ಡಿನ ವೃತ್ತ ಉಳಿದಿರಬಾರದು. ಉಳಿದಿದ್ದರೆ ಅಡುಗೆ ಎಣ್ಣೆಯಂಥದ್ದು ಏನೋ ಬೆರೆತಿದೆ. ಈ ಪರೀಕ್ಷೆ ಗಂಧಕ್ಕೂ ಲಾವಂಚಕ್ಕೂ ನಡೆಯುವುದಿಲ್ಲ, ಅವು ಶುದ್ಧವಾಗಿದ್ದರೂ ಕಲೆ ಬಿಡುತ್ತವೆ.

ಗಂಧದ ಮಾತು ಬಂತು. ಮೈಸೂರಿನವಳಾಗಿ ಇದನ್ನು ಎರಡು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ನಮ್ಮ ಗಂಧದ ಮರ ಯುರೋಪಿಗೆ ಹೋಗುವುದು ನಿಂತುಹೋಯಿತು. ದಾಸ್ತಾನು ಬಿದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಣ್ಣೆಯನ್ನು ಇಲ್ಲೇ ಇಳಿಸುವ ಕೆಲಸ ಶುರುವಾದದ್ದು ಆಗ. ಸೋಪಿನ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಯಿತು. ಗಂಧದೆಣ್ಣೆ ಕಾರ್ಖಾನೆ ಇಲ್ಲಿ ಮಾನಂದವಾಡಿ ರಸ್ತೆಯಲ್ಲಿದೆ. ಮೈಸೂರಿನ ಗಂಧದೆಣ್ಣೆಗೆ ಈಗ ಭೌಗೋಳಿಕ ಗುರುತೂ ಇದೆ. ಒಳ್ಳೆಯ ಗಂಧದೆಣ್ಣೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಸಾಂಟಲಾಲ್ ಎಂಬ ಪರಿಮಳದ ಅಂಶ ಇರಬೇಕು. ಅದು ಮರದ ಚೇಗಿನಿಂದ, ಅಂದರೆ ನಡುವಿನ ಗಟ್ಟಿ ತಿರುಳಿನಿಂದ ಬರುವುದು, ಎಳೆಯ ಮರದಲ್ಲಿ ಚೇಗೇ ಕಟ್ಟಿರುವುದಿಲ್ಲ. ಹಬೆಯಲ್ಲಿ ಎಣ್ಣೆ ಇಳಿಸಲೂ ದಿನಗಟ್ಟಲೆ ಹೊತ್ತು ಬೇಕು. ಅದಕ್ಕೇ ಆ ಬೆಲೆ.

ನಾನು ಗಂಧದೆಣ್ಣೆಯನ್ನು ಸರ್ಕಾರಿ ಮಳಿಗೆಯಲ್ಲೇ ಕೊಳ್ಳುತ್ತೇನೆ, ಸಣ್ಣ ಬಾಟಲಿ. ದುಬಾರಿ ಅಂತ ಜಾಸ್ತಿ ಬಳಸುವುದಿಲ್ಲ, ಬಳಸುವ ಅಗತ್ಯವೂ ಇಲ್ಲ. 30 ಮಿಲಿಗೆ 3 ಹನಿ ಹಾಕಿದರೆ ಅದು ಮೊದಲಿಗೆ ಕಾಣಿಸಿಕೊಳ್ಳುವುದೇ ಇಲ್ಲ. ಕಿತ್ತಳೆ, ಮರುಗ ಆವಿಯಾಗಿ ಹೋದ ಮೇಲೆ, ಮಸಾಜ್ ಮುಗಿಯುವ ಹೊತ್ತಿಗೆ ಅದು ಒಂದೇ ಉಳಿದಿರುತ್ತದೆ. ರಾತ್ರಿ ದಿಂಬಿನಲ್ಲೂ ಇರುತ್ತದೆ. 'ಮನೆಗೆ ಹೋದ ಮೇಲೆ ನಿದ್ದೆ ಬಂತು' ಅನ್ನುವವರಲ್ಲಿ ಗಂಧ ಆರಿಸಿಕೊಂಡವರು ಜಾಸ್ತಿ. ಇದು ನಾನು ಕಂಡದ್ದು.

ಮೂಗಿನ ಇನ್ನೊಂದು ಗುಣ, ಒಂದೇ ವಾಸನೆಗೆ ಅದು ಬೇಗ ಒಗ್ಗಿಹೋಗುತ್ತದೆ. ಹತ್ತು ಹದಿನೈದು ನಿಮಿಷ ಕಳೆದರೆ ವಾಸನೆ ಕಮ್ಮಿ ಆಯಿತು ಅನ್ನಿಸುತ್ತದೆ. ಆಗ ಇನ್ನೊಂದಿಷ್ಟು ಹನಿ ಹಾಕುವ ಆಸೆ ಆಗುತ್ತದೆ, ಹಾಕಬಾರದು. ಅದೇ ಕಾರಣಕ್ಕೆ ಕೋಣೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ. ಊದುಬತ್ತಿಯ ಊರಲ್ಲಿ ಇದು ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ. ಬೆಳಗಿನ ಪೂಜೆಯ ಹೊಗೆ ಹೋಗಲಿ ಅಂತ ಅರ್ಧ ಗಂಟೆ ಮುಂಚೆ ಕಿಟಕಿ ತೆಗೆದಿಡುತ್ತೇನೆ. ಮಲ್ಲಿಗೆ ಮುಡಿದು ಬಂದವರಿಗೆ ದಂಡೆಯನ್ನು ತೆಗೆದು ಹಿತ್ತಾಳೆ ತಟ್ಟೆಯಲ್ಲಿ ಹೊರಗಿಡಲು ಹೇಳುತ್ತೇನೆ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹೋಗುವಾಗ ಹೂ ಬಾಡಿರಬಾರದು.

ಸುಗಂಧದ ಹನಿಗಳನ್ನು ಬೆರೆಸುವ ಮೂಲ ಎಣ್ಣೆಗೆ ನಾನು ಹೆಚ್ಚಾಗಿ ಗಾಣದ ಎಳ್ಳೆಣ್ಣೆ ಮತ್ತು ಬಾದಾಮಿ ಎಣ್ಣೆ ಬಳಸುತ್ತೇನೆ. ಬರೀ ಎಳ್ಳೆಣ್ಣೆ ಆದರೆ ಅದರ ವಾಸನೆಯೇ ಮೇಲೆ ನಿಲ್ಲುತ್ತದೆ, ಅರ್ಧಕ್ಕೆ ಅರ್ಧ ಬಾದಾಮಿ ಬೆರೆಸಿದರೆ ಸರಿಹೋಗುತ್ತದೆ. ಕೊಬ್ಬರಿ ಎಣ್ಣೆ ಬೇಸಿಗೆಗೆ ಹಿತ. ಡಿಸೆಂಬರ್ ಬೆಳಿಗ್ಗೆ ಮೈಸೂರಿನಲ್ಲಿ ಅದು ಹೆಪ್ಪುಗಟ್ಟಿ ಕೂತಿರುತ್ತದೆ. ಹರಳೆಣ್ಣೆ ತುಂಬಾ ಅಂಟು. ಎಳ್ಳು, ಬಾದಾಮಿ, ಕಡಲೆಕಾಯಿ ತಿಂದರೆ ಅಲರ್ಜಿ ಇದೆಯಾ ಅಂತ ಕೇಳದೆ ಯಾವುದನ್ನೂ ಮುಟ್ಟುವುದಿಲ್ಲ. ಬಟ್ಟಲನ್ನು ಬಿಸಿನೀರಲ್ಲಿಟ್ಟು ಮೂಲ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು, ಒಲೆಯಿಂದ ದೂರ ಬಂದ ಮೇಲೆಯೇ ಹನಿ ಹಾಕುವುದು. ನಮ್ಮ ಮನೆಗಳ ಎಣ್ಣೆಸ್ನಾನಕ್ಕೂ ಆಯುರ್ವೇದದ ಅಭ್ಯಂಗಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ. ಅಭ್ಯಂಗದ ತೈಲದಲ್ಲಿ ಮೂಲಿಕೆಗಳನ್ನು ಎಣ್ಣೆಯಲ್ಲೇ ಕುದಿಸಿರುತ್ತಾರೆ. ಇಲ್ಲಿ ಕುದಿಸಿದರೆ ಬೇಕಾದ್ದೆಲ್ಲ ಗಾಳಿಗೆ ಹೋಯಿತು.

ಈಗ ಕೈಯ ಕೆಲಸ.

ಮಲಗಿಸಿದ ಕೂಡಲೇ ಉಜ್ಜಲು ಶುರುಮಾಡುವುದಿಲ್ಲ. ಎರಡೂ ಅಂಗೈಯನ್ನು ಬಿಸಿ ಮಾಡಿಕೊಂಡು, ಟವೆಲ್ ಮೇಲಿಂದಲೇ ಒಂದನ್ನು ಬೆನ್ನಿನ ಮಧ್ಯೆ, ಒಂದನ್ನು ಸೊಂಟದ ಮೇಲೆ ಇಟ್ಟು ಸುಮ್ಮನೆ ನಿಲ್ಲುತ್ತೇನೆ. ಅವರ ಉಸಿರಿನ ಲೆಕ್ಕ ನನ್ನ ಕೈಗೆ ಸಿಗಬೇಕು. ಆಮೇಲೆ ಎಣ್ಣೆ. ಅದನ್ನೂ ಬೆನ್ನ ಮೇಲೆ ಸುರಿಯುವುದಿಲ್ಲ, ನನ್ನ ಅಂಗೈಗೆ ಹಾಕಿಕೊಂಡು ಹಚ್ಚುತ್ತೇನೆ. ಬೆನ್ನು ಹೆಗಲಿಗೆ 15 ಮಿಲಿ ಸಾಕು.

ಮೊದಲ ಹತ್ತು ನಿಮಿಷ ಬರೀ ಉದ್ದಕ್ಕೆ ನೀವುವುದು. ಸೊಂಟದಿಂದ ಬೆನ್ನುಮೂಳೆಯ ಎರಡೂ ಪಕ್ಕ ಮೇಲಕ್ಕೆ, ಹೆಗಲ ಮೇಲೆ ಹರಡಿ, ಪಕ್ಕೆಗಳ ಮೇಲಿಂದ ಹಗುರಾಗಿ ಕೆಳಕ್ಕೆ. ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಅಭ್ಯಾಸ ಆಗಲು ತುಂಬಾ ಹೊತ್ತು ಹಿಡಿಯುವುದು ಇದೇ. ಒತ್ತುವುದು, ಹಿಸುಕುವುದು ಬೇಗ ಬರುತ್ತದೆ. ನಿಧಾನ ಬರುವುದಿಲ್ಲ. ನಮ್ಮ ಚರ್ಮದಲ್ಲಿ ನಿಧಾನದ ಸವರುವಿಕೆಗೇ ಮಿಡಿಯುವ ಒಂದು ಬಗೆಯ ಸಣ್ಣ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಒಳಗೆ, ಅದರಲ್ಲೂ 3 ಸೆಂಟಿಮೀಟರ್ ಆಸುಪಾಸಿನಲ್ಲಿ ಅವು ಚೆನ್ನಾಗಿ ಮಿಡಿಯುತ್ತವೆ. ಮೈ ಬಿಸಿಯಷ್ಟೇ ಬೆಚ್ಚಗಿರುವ ಕೈ ಆದರೆ ಇನ್ನೂ ಚೆನ್ನ. ಸೊಂಟದಿಂದ ಹೆಗಲಿಗೆ ಸುಮಾರು 45 ಸೆಂಟಿಮೀಟರ್ ಅಂದುಕೊಳ್ಳಿ. ಒಂದು ಸಲ ಮೇಲೆ ಹೋಗಲು 15 ಸೆಕೆಂಡ್ ಆಗಬೇಕು. ಹೊಸಬರು ನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಗಡಿಯಾರ ನೋಡಿಕೊಂಡು ಒಮ್ಮೆ ನಿಮ್ಮ ತೊಡೆಯ ಮೇಲೇ ಮಾಡಿ ನೋಡಿ, 15 ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಆಮೇಲೆ ಹೆಗಲು. ಕುತ್ತಿಗೆಯ ಬುಡದಿಂದ ಭುಜದ ತುದಿಯವರೆಗೆ ಹೋಗುವ ಸ್ನಾಯುವನ್ನು ಹೆಬ್ಬೆರಳು ಮತ್ತು ಉಳಿದ ನಾಲ್ಕು ಬೆರಳ ನಡುವೆ ತುಂಬಾ ಹಿಡಿದು, ನಿಧಾನಕ್ಕೆ ಎತ್ತಿ ಬಿಡುವುದು. ಒತ್ತಡದವರಲ್ಲಿ ಕುತ್ತಿಗೆ ಮತ್ತು ಭುಜದ ನಡುಮಧ್ಯೆ ಒಂದು ಗಂಟು ಸಿಗುತ್ತದೆ. ಮೌಸ್ ಹಿಡಿಯುವವರಿಗೆ ಬಲಗಡೆ, ಹೆಗಲಿಗೆ ಬ್ಯಾಗು ಹಾಕುವವರಿಗೆ ಬ್ಯಾಗಿನ ಕಡೆ. ಅದನ್ನು ಕಂಡ ಕೂಡಲೇ ಪುಡಿ ಮಾಡುವ ಹಾಗೆ ಒತ್ತಬಾರದು. ಹೆಬ್ಬೆರಳನ್ನು ಅದರ ಮೇಲಿಟ್ಟು, ಅವರು ಉಸಿರು ಬಿಡುವಾಗ ಮಾತ್ರ ಭಾರ ಹಾಕಬೇಕು. ಎಳೆದುಕೊಳ್ಳುವಾಗ ಅಲ್ಲೇ ನಿಲ್ಲಬೇಕು. ಐದಾರು ಉಸಿರಿನಲ್ಲಿ ಹೆಬ್ಬೆರಳ ಕೆಳಗೆ ಏನೋ ಕರಗಿದ ಹಾಗೆ ಆಗುತ್ತದೆ. ಆಗದಿದ್ದರೆ ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಬರುತ್ತೇನೆ. ಬೆನ್ನುಮೂಳೆಯ ಮೇಲೆ ಒತ್ತುವುದಿಲ್ಲ. ಕುತ್ತಿಗೆಯ ಮುಂಭಾಗ, ಪಕ್ಕದಲ್ಲಿ ನಾಡಿ ಬಡಿಯುವ ಜಾಗ ಮುಟ್ಟುವುದೇ ಇಲ್ಲ. ನೆಟಿಗೆ ತೆಗೆಯುವುದೂ ಇಲ್ಲ, ಎಷ್ಟೇ ಕೇಳಲಿ.

ಮಧ್ಯದಲ್ಲಿ ಕೆಲವರು ಅಳುತ್ತಾರೆ. ಶಬ್ದ ಇಲ್ಲದೆ, ಬೆನ್ನು ಮಾತ್ರ ಅಲುಗುತ್ತದೆ. ಆಗ ಕೈ ತೆಗೆಯಬಾರದು. ತೆಗೆದರೆ ಏನೋ ತಪ್ಪು ಮಾಡಿದೆ ಅನ್ನಿಸುತ್ತದೆ ಅವರಿಗೆ. ಇದ್ದಲ್ಲೇ ಕೈ ಇಟ್ಟು ನಿಲ್ಲುತ್ತೇನೆ. ಏನಾಯ್ತು ಅಂತ ಕೇಳುವುದಿಲ್ಲ. ಅವರಾಗಿ ಹೇಳಿದರೆ ಕೇಳುತ್ತೇನೆ, ಆ ಮಾತು ಕೋಣೆಯಿಂದ ಆಚೆ ಹೋಗುವುದಿಲ್ಲ.

ಒಂದು ವಿಷಯವನ್ನು ಬಂದವರಿಗೆಲ್ಲ ನೇರವಾಗಿ ಹೇಳುತ್ತೇನೆ. ಇದರಿಂದ ಆ ಹೊತ್ತಿನ ಬಿಗಿತ ಇಳಿಯುತ್ತದೆ, ಆ ರಾತ್ರಿ ನಿದ್ದೆ ಚೆನ್ನಾಗಿ ಬರಬಹುದು. ಕಾಯಿಲೆ ವಾಸಿ ಮಾಡುವ ಶಕ್ತಿ ಇದಕ್ಕಿಲ್ಲ. ಕ್ಯಾನ್ಸರ್ ಇರುವವರ ಮೇಲೆ ನಡೆದ ಮಸಾಜ್ ಮತ್ತು ಅರೋಮಾಥೆರಪಿ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2016ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒರೆಹಚ್ಚುವ ಸಂಸ್ಥೆ) ಪರಿಶೀಲನೆ, ಪುರಾವೆ ಗಟ್ಟಿಯಾಗಿಲ್ಲ ಎಂದೇ ಹೇಳಿತು. ಹಾಗಾಗಿ ಮಾತ್ರೆ ನಿಲ್ಲಿಸಿ ಅಂತ ಯಾವತ್ತೂ ಹೇಳುವುದಿಲ್ಲ, ಹೇಳುವವರ ಹತ್ತಿರ ಹೋಗಬೇಡಿ ಅಂತಲೂ ಹೇಳುತ್ತೇನೆ. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅನ್ನುವವರಿಗೆ ನನ್ನ ಎಣ್ಣೆ ಸಾಲದು. ಅಂಥವರಿಗೆ 14416 ನಂಬರ್ ಬರೆದುಕೊಡುತ್ತೇನೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೆಲವರಿಗೆ ನನ್ನ ಎದುರಿಗೇ ಫೋನ್ ಮಾಡಿಸಿದ್ದೂ ಇದೆ.

ಜ್ವರ ಇದ್ದರೆ ಮಸಾಜ್ ಇಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮುಟ್ಟುವುದೂ ಇಲ್ಲ, ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಎದೆನೋವು, ಎಡಗೈ ಜೋಮು ಅಂದರೂ ಅದೇ. ಬಸುರಿಯರಿಗೆ ಮೊದಲ ಮೂರು ತಿಂಗಳು ಬೇಡ ಅನ್ನುತ್ತೇನೆ, ಆಮೇಲೂ ಡಾಕ್ಟರು ಒಪ್ಪಬೇಕು. ಮೂರ್ಛೆರೋಗ ಇರುವವರಿಗೆ ಕರ್ಪೂರ, ರೋಸ್‌ಮೆರಿ ಹತ್ತಿರ ತರುವುದಿಲ್ಲ. ಉಬ್ಬಸದವರಿಗೆ ವಾಸನೆಯೇ ಕೆಮ್ಮು ಎಬ್ಬಿಸಬಹುದು, ಅವರಿಗೆ ಬರೀ ಬಾದಾಮಿ ಎಣ್ಣೆಯಲ್ಲೇ ಮಾಡುತ್ತೇನೆ. ನಿಧಾನದ ಕೈ ಅವರಿಗೂ ಹಿತವೇ.

ಮುಗಿದ ಮೇಲೆ ಅಂಗಾಲಿನ ಎಣ್ಣೆಯನ್ನು ಒರಟು ಟವೆಲಿನಲ್ಲಿ ಒರೆಸದೆ ಇಳಿಯಲು ಬಿಡುವುದಿಲ್ಲ. ಮೊಸಾಯಿಕ್ ನೆಲದಲ್ಲಿ ಜಾರಿದರೆ ಸೊಂಟ ಮುರಿಯುತ್ತದೆ. ಹತ್ತು ನಿಮಿಷ ಕೂರಿಸಿ, ನೀರು ಕುಡಿಸಿ, ಆಮೇಲೆ ಗಾಡಿ ಕೀಲಿ ಕೊಡುತ್ತೇನೆ. ದೊಡ್ಡವರಿಗೆ ಎಣ್ಣೆ ಹಚ್ಚಿದ ಮೇಲೆ ಸುಡುಸುಡು ನೀರು, ಸೀಗೆಪುಡಿ ಆಗಲೇಬೇಕು. ಒಂದೆರಡು ಗಂಟೆ ತಡೆಯಿರಿ, ಪರಿಮಳ ಇರಲಿ ಅಂತ ಕೇಳಿಕೊಳ್ಳುತ್ತೇನೆ. ಎಣ್ಣೆ ಟವೆಲುಗಳನ್ನು ಗುಡ್ಡೆ ಹಾಕಿಡುವುದಿಲ್ಲ, ಎಣ್ಣೆ ಕುಡಿದ ಬಟ್ಟೆ ತಾನಾಗೇ ಕಾದು ಬೆಂಕಿ ಹತ್ತುವುದುಂಟು. ಅವತ್ತೇ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ, ಬಿಸಿಲಿಗೆ ಹರವುತ್ತೇನೆ.

ಬರಲು ಆಗದವರು ಮನೆಯಲ್ಲೇ ಮಾಡಬಹುದಾದದ್ದು ಕೈಯ ಮಸಾಜ್. ಅಮ್ಮನಿಗೋ ಅತ್ತೆಗೋ, ಟಿವಿ ಆಫ್ ಮಾಡಿ, ಎದುರು ಕೂತು. 30 ಮಿಲಿ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ 6 ಹನಿ ಸಾಕು, ಅವರ ಮೂಗು ಒಪ್ಪಿದ್ದು. ಒಂದು ಚಮಚ ಎಣ್ಣೆ ಎರಡೂ ಕೈಗೆ ಆಗುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗೆ ನಿಧಾನಕ್ಕೆ ನೀವಿ. ಅಂಗೈಯನ್ನು ಎರಡೂ ಹೆಬ್ಬೆರಳಿನಿಂದ ಮಧ್ಯದಿಂದ ಅಂಚಿಗೆ ಬಿಡಿಸಿ. ಒಂದೊಂದು ಬೆರಳನ್ನೂ ಬುಡದಿಂದ ತುದಿಗೆ ತಿರುಗಿಸುತ್ತಾ ಎಳೆಯಿರಿ, ಕೀಲುನೋವು ಇದ್ದರೆ ಎಳೆಯದೆ ಬರೀ ಸವರಿ. ಬಳೆ ಉಂಗುರ ಮೊದಲೇ ತೆಗೆಸಿ. ಉಳಿದ ಎಣ್ಣೆಯನ್ನು ಕಂದು ಬಣ್ಣದ ಗಾಜಿನ ಬಾಟಲಿಗೆ ಹಾಕಿ, ಮೇಲೆ ತಾರೀಖು ಬರೆದು, ಮಕ್ಕಳ ಕೈಗೆ ಸಿಗದ ತಂಪು ಕಪಾಟಿನಲ್ಲಿಡಿ. ಎರಡು ಮೂರು ತಿಂಗಳೊಳಗೆ ಮುಗಿಸಿ. ಕಮಟು ವಾಸನೆ ಬಂದರೆ ಚೆಲ್ಲಿ, ಹೊಸದು ಮಾಡಿಕೊಳ್ಳಿ.